ಗಾದಿ ಮೂಲೆಯ ಚೀಟಿ

ದಾವಲಸಾಬರ ಹುಬ್ಬಿನಲ್ಲಿ ಯಾವಾಗಲೂ ಹತ್ತಿ ಇರುತ್ತಿತ್ತು. ಹುಬ್ಬಿನಲ್ಲಿ, ಗಡ್ಡದಲ್ಲಿ, ಕಿವಿಯ ಕೂದಲಲ್ಲಿ. ಯಾವುದು ನರೆ, ಯಾವುದು ಹತ್ತಿ ಎಂದು ತಿಳಿಯಬೇಕಾದರೆ ಅವರು ಸೀನುವವರೆಗೆ ಕಾಯಬೇಕು. ಹಾರಿಹೋದದ್ದು ಹತ್ತಿ, ಉಳಿದದ್ದು ವಯಸ್ಸು.

ಇನ್ನೊಂದು ಅವರ ಹೆಬ್ಬೆರಳು. ಯಾರೇ ಎದುರು ಬಂದು ನಿಂತರೂ ಆ ಹೆಬ್ಬೆರಳು ಅವರ ಭುಜದ ಮೇಲೆ ಹೋಗಿ ಒಮ್ಮೆ ಒತ್ತುತ್ತಿತ್ತು. ಒಳಗೆ ಗಂಟು ಉಳಿದಿದೆಯೇ ಎಂದು ಹಾಸಿಗೆಯನ್ನು ಒತ್ತಿ ನೋಡಿ ನೋಡಿ ಬಂದ ಚಟ. ಪೋಸ್ಟ್‌ಮನ್ ಆಗಲಿ, ಮೊಮ್ಮಗಳಾಗಲಿ, ಸವಣೂರಿನ ದೊಡ್ಡ ವೀಳ್ಯದೆಲೆ ವ್ಯಾಪಾರಿಯಾಗಲಿ, ಎಲ್ಲರೂ ಅವರ ಲೆಕ್ಕದಲ್ಲಿ ಹಾಸಿಗೆಗಳೇ. ಒತ್ತಿದ ಮೇಲೆ ಒಂದು ಸಣ್ಣ ಕೆಮ್ಮು. ಆಮೇಲೆ, “ಏನಂತೀ ತಮ್ಮಾ?”

ಅವರು ಸವಣೂರಿನ ಗಾದಿ ದಾವಲಸಾಬರು. ನಮ್ಮ ಕಡೆ ಹತ್ತಿಯ ಹಾಸಿಗೆಗೆ ಗಾದಿ ಎನ್ನುತ್ತೇವೆ. ಹತ್ತಿ ಹಿಂಜುವ ಯಂತ್ರವನ್ನು ಮೂರು ಗಾಲಿಯ ಟಂಟಂ ಗಾಡಿಯ ಮೇಲೆ ಕೂಡಿಸಿಕೊಂಡು ಹಾನಗಲ್ಲಿನಲ್ಲಿ ನಾಲ್ಕು ದಿನ, ಶಿಗ್ಗಾಂವಿಯಲ್ಲಿ ನಾಲ್ಕು ದಿನ, ಹಿರೇಕೆರೂರಿನಲ್ಲಿ ಒಂದು ವಾರ ಹೀಗೆ ಸುತ್ತುತ್ತಿದ್ದರು. ಹೆಂಗಸರು ಗಟ್ಟಿಯಾದ ಹಳೆಯ ಗಾದಿಗಳನ್ನು ಹೊತ್ತು ತರುತ್ತಿದ್ದರು. ಇವರು ಹೊಲಿಗೆ ಬಿಚ್ಚಿ, ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಮನೆಯವರಿಗೆ ಗೊತ್ತಿಲ್ಲದ್ದು ಹಾಸಿಗೆ ಬಿಚ್ಚುವವನಿಗೆ ಗೊತ್ತಿರುತ್ತದೆ. ನಾಲ್ಕು ತಾಲೂಕಿನ ಗಂಡಸರು ಗಾದಿಯ ಮೂಲೆಯ ಹೊಲಿಗೆ ಸಡಿಲಿಸಿ ಒಳಗೆ ಏನು ತುರುಕಿಡುತ್ತಾರೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಆ ಗಂಡಸರಲ್ಲಿ ನಾನೂ ಒಬ್ಬ. ಹೆಸರು ಮುತ್ತು, ಊರು ಶಿಗ್ಗಾಂವಿ, ಕೆಲಸ ಕೂಗುವುದು. “ಬರ್ರಿ ಅಕ್ಕಾರ, ಬರ್ರಿ ಅಣ್ಣಾರ, ಸೀರಿ ಮ್ಯಾಲ ಸೀರಿ” ಎಂದು ಪ್ರಚಾರದ ಆಟೋದಿಂದ ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸುವ ದನಿ ನನ್ನದೇ. ಸಣ್ಣಂದಿನಿಂದಲೂ ಮಂದಿಯ ದನಿ ಕದಿಯುವುದು ನನ್ನ ಹವ್ಯಾಸ. ತಹಶೀಲ್ದಾರ ಕಚೇರಿಯ ಸಿಪಾಯಿ, ಹಲ್ಲಿಲ್ಲದ ನಮ್ಮ ಅಜ್ಜಿ, ಜಗಳಕ್ಕೆ ನಿಂತ ಕಂಡಕ್ಟರ್. ಒಂದು ದನಿ ಮಾಡಿದರೆ ಗೆಳೆಯರು ಒಂದು ಗ್ಲಾಸು ಕುಡಿಸುತ್ತಿದ್ದರು. ನನಗೆ ಬಹಳ ದನಿಗಳು ಬರುತ್ತಿದ್ದವು; ಅದೇ ತೊಂದರೆಯಾಯಿತು. ಇಪ್ಪತ್ತಾರನೆಯ ವಯಸ್ಸಿಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಕೈ ಗಾದಿಯ ಮೂಲೆಗೆ ಹೋಗತೊಡಗಿತ್ತು. ಅಲ್ಲಿ ಮೂರು ಪಾಕೀಟು ಸರಾಯಿ ಸದಾ ಹಾಜರು.

ಒಂದು ದಿನ ದುಂಡಸಿಗೆ ಪ್ರಚಾರಕ್ಕೆ ಹೋಗಿ ಬಂದು ನೋಡುತ್ತೇನೆ, ನನ್ನ ಗಾದಿ ಹೂರಣ ತುಂಬಿದ ಹೋಳಿಗೆಯಂತೆ ಉಬ್ಬಿ ಕುಳಿತಿದೆ.

“ದಾವಲಸಾಬ್ರು ಬಂದಿದ್ರು, ಹಿಂಜಿಸಿದೆ. ಎಷ್ಟು ಮೆತ್ತಗ ಆಗೇತಿ ನೋಡು,” ಅಂದಳು ಅವ್ವ.

ಅವಳು ಒಳಗೆ ಹೋದ ಮೇಲೆ ಮೂಲೆಗೆ ಕೈ ಹಾಕಿದೆ. ಪಾಕೀಟು ಇರಲಿಲ್ಲ. ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿತು: “ನಿಮ್ಮ ಸಾಮಾನು ನನ್ನ ಹತ್ರ ಜ್ವಾಕಿ ಐತಿ. ಗುರುವಾರ ಮಧ್ಯಾಹ್ನ ಮೂರಕ್ಕ ಸವಣೂರಿಗೆ ಬಂದು ಒಯ್ರಿ. ಗಾದಿ ದಾವಲಸಾಬ್.”

ಅವ್ವ ಕಿರಾಣಿ ಅಂಗಡಿಯ ಪೊಟ್ಟಣದ ಕಾಗದವನ್ನೂ ಬಿಡದೆ ಓದುವವಳು. ಇದನ್ನು ಓದಿರಬಹುದೇ? ಓದಿದ್ದರೂ ಏನು ತಿಳಿಯಬೇಕು? ಸಾಮಾನು ಎಂದರೆ ಸೂಜಿಯೂ ಇರಬಹುದು, ಚಾದರವೂ ಇರಬಹುದು. ಆ ಮುದುಕ ಅಷ್ಟು ಲೆಕ್ಕ ಹಾಕಿಯೇ ಬರೆದಿದ್ದ. ಆದರೂ ಗುರುವಾರದವರೆಗೆ ಅವ್ವನ ಮುಖ ನೋಡುವುದೇ ಒಂದು ಪರೀಕ್ಷೆಯಾಯಿತು. ಅವಳು ಸುಮ್ಮನೆ “ಉಣ್ಣು ಬಾ” ಅಂದರೂ ಅದರೊಳಗೆ ಇನ್ನೇನೋ ಕೇಳಿಸುತ್ತಿತ್ತು.

ಗುರುವಾರದ ಬಸ್ಸಿನಲ್ಲಿ ನಮ್ಮ ಓಣಿಯ ಮಲ್ಲಣ್ಣ ಸಿಕ್ಕಿಬಿದ್ದ, ಪಂಪ್‌ಸೆಟ್ ರಿಪೇರಿಯವ. ನನ್ನನ್ನು ನೋಡಿ ಬೆಚ್ಚಿದ. ನಾನೂ ಬೆಚ್ಚಿದೆ.

“ಎಲ್ಲಿಗೋ?” ಅಂದ.

“ಕನ್ಯಾ ನೋಡಾಕಣ್ಣಾ. ನೀ?”

“ಎಲಿ ತರಾಕ. ಸವಣೂರ ಎಲಿ ಇಲ್ಲದ ನಿಮ್ಮ ವೈನೀಗೆ ಊಟ ಇಳಿಯೂದಿಲ್ಲ.”

ಸವಣೂರಿನಲ್ಲಿ ಇಳಿದು ಅವನು ಎಡಕ್ಕೆ ಹೋದ, ನಾನು ಬಲಕ್ಕೆ ಹೋದೆ. ಅವನು ಮರೆಯಾಗಲಿ ಎಂದು ಎರಡು ಓಣಿ ಹೆಚ್ಚಿಗೆ ಸುತ್ತಿದೆ. ಅವನೂ ನನ್ನ ಸಲುವಾಗಿ ಎರಡು ಓಣಿ ಹೆಚ್ಚಿಗೆ ಸುತ್ತಿರಬೇಕು. ಏಕೆಂದರೆ ದಾವಲಸಾಬರ ಅಂಗಡಿಯ ಹಿಂಬಾಗಿಲಿಗೆ ಇಬ್ಬರೂ ಒಂದೇ ಹೊತ್ತಿಗೆ ಮುಟ್ಟಿದೆವು.

“ಕನ್ಯಾ ಇಲ್ಲೇ ಐತೇನೋ?” ಅಂದ ಮಲ್ಲಣ್ಣ.

“ನಿನ್ನ ಎಲಿ ಪಕ್ಕಾನ ಐತಣ್ಣಾ,” ಅಂದೆ. ನಗಲು ನೋಡಿದೆವು. ಇಬ್ಬರಿಗೂ ಆಗಲಿಲ್ಲ.

ಹೀಗಾಗುವುದು ಅಲ್ಲಿ ವಾಡಿಕೆಯಂತೆ. ಸ್ವಂತ ಊರಿನಲ್ಲಿ ಹಾಡಹಗಲೇ ತೂರಾಡಿ ಗಟಾರಕ್ಕೆ ಬೀಳಲು ನಮಗೆ ನಾಚಿಕೆಯಿಲ್ಲ. ಕುಡಿತ ಬಿಡುತ್ತೇವೆಂದು ಒಟ್ಟಿಗೆ ಕೂರಲು ಮಾತ್ರ ಪರವೂರು ಬೇಕು. ಹಾನಗಲ್ಲಿನವರು, ಹಿರೇಕೆರೂರಿನವರು, ನಾವು, ಎಲ್ಲರೂ ಗುಟ್ಟಾಗಿ ಸವಣೂರಿಗೆ ಬಂದು ನಮ್ಮ ನಮ್ಮ ಊರಿನವರನ್ನೇ ಭೇಟಿಯಾಗುತ್ತಿದ್ದೆವು.

ಅಂಗಡಿಯ ಹಿಂದೆ ತಗಡಿನ ಶೆಡ್ಡು. ಬಿಚ್ಚಬೇಕಾದ ಹಳೆಯ ಗಾದಿಗಳನ್ನು ಸುರುಳಿ ಸುತ್ತಿ ಇಟ್ಟಿದ್ದರು. ಅವೇ ನಮ್ಮ ಕುರ್ಚಿಗಳು. ಹತ್ತಿಯ ಧೂಳು ಗಾಳಿಯಲ್ಲಿ ತೇಲುತ್ತಿತ್ತು. ಅದರಿಂದ ಒಂದು ಅನುಕೂಲವಿತ್ತು: ಯಾರ ಕಣ್ಣಲ್ಲಿ ನೀರು ಬಂದರೂ “ಹತ್ತಿ ಹೋತು” ಎನ್ನಬಹುದಾಗಿತ್ತು. ಪ್ರತಿ ಗುರುವಾರ ಬಹಳ ಹತ್ತಿ ಹೋಗುತ್ತಿತ್ತು.

ನಾನು ನೇರವಾಗಿ ಕೇಳಿದೆ, “ಚಾಚಾ, ನನ್ನ ಸಾಮಾನು?”

ಹೆಬ್ಬೆರಳು ಬಂದು ಭುಜ ಒತ್ತಿತು. ಕೆಮ್ಮು. “ಕೊಡ್ತೇನಿ. ಮೀಟಿಂಗ ಮುಗೀಲಿ. ಕುಂದರು.”

ಆ ದಿನ ಅವರು ತಮ್ಮ ಕಥೆ ಹೇಳಿದರು. ಹನ್ನೆರಡು ವರ್ಷದ ಹಿಂದೆ ಒಂದು ಮದುವೆಮನೆಯ ಗಾದಿಗಳನ್ನು ಹೊಲಿದು ಪೇರಿಸಿಟ್ಟಿದ್ದರಂತೆ. ಕುಡಿದು, ಬೀಡಿ ಹಚ್ಚಿ, ಅವುಗಳ ಪಕ್ಕದಲ್ಲೇ ಮಲಗಿದರಂತೆ. “ಹತ್ತಿಗೆ ಬೆಂಕಿ ಹತ್ತಿದ್ರ ಸಪ್ಪಳ ಆಗೂದಿಲ್ಲ ತಮ್ಮಾ. ಕಟ್ಟಿಗಿ ಆದ್ರ ಚಟಚಟ ಅಂತೈತಿ, ಮನಶ್ಯಾ ಏಳ್ತಾನ. ಹತ್ತಿ ಒಳಗೊಳಗ ತಿಂತೈತಿ. ಮ್ಯಾಲ ನೋಡಿದ್ರ ಗಾದಿ ಹಂಗ ಐತಿ, ಬಿಳೀಗೆ. ಮುಟ್ಟಿದ್ರ ಬೂದಿ.” ಪಕ್ಕದ ಮನೆಯವರು ಎಳೆದು ಹಾಕದಿದ್ದರೆ ಅವರೂ ಉಳಿಯುತ್ತಿರಲಿಲ್ಲ. ಎಡಗೈಯ ಚರ್ಮ ಮೊಣಕೈವರೆಗೆ ಸುಕ್ಕುಗಟ್ಟಿತ್ತು. “ಮದವಿ ಮನಿಯವರು ಮಗಳನ್ನ ಗಾದಿ ಇಲ್ಲದನ ಅತ್ತಿ ಮನೀಗೆ ಕಳಿಸಿದ್ರು. ನನಗ ಒಂದು ಮಾತು ಬೈಲಿಲ್ಲ. ಬೈದಿದ್ರ ಮತ್ತ ಕುಡೀತಿದ್ನೇನೋ.”

ನನ್ನ ಸರದಿ ಬಂತು. ನನಗೆ ಭಯವಾದಾಗ ಬೇರೆಯವರ ದನಿ ತಾನಾಗಿ ಬರುತ್ತದೆ. ನನ್ನ ಕಥೆಯನ್ನು ಅಜ್ಜಿಯ ದನಿಯಲ್ಲಿ ಶುರುಮಾಡಿ, ಕಂಡಕ್ಟರನ ದನಿಗೆ ಹಾರಿ, ಕಡೆಗೆ ಧೈರ್ಯ ಮಾಡಿ ದಾವಲಸಾಬರದ್ದೇ ತೆಗೆದೆ. “ಏನಂತೀ ತಮ್ಮಾ?” ಶೆಡ್ಡೆಲ್ಲ ನಕ್ಕಿತು. ಅವರೂ ನಕ್ಕರು.

“ಕೆಮ್ಮು ಬರಲಿಲ್ಲ. ಕೆಮ್ಮು ಜರಾ ಒಳಗಿಂದ ಬರಬೇಕು,” ಎಂದು ತಿದ್ದಿದರು. ಆಮೇಲೆ ಮೆಲ್ಲಗೆ ಕೇಳಿದರು, “ಛಲೋ ಮಾಡಿದಿ. ಆದರ ಇದರಾಗ ನೀ ಯಾವಾಗ ಬರ್ತೀ?”

ಅಂದು ಸಾಮಾನು ಸಿಗಲಿಲ್ಲ, “ಮುಂದಿನ ಗುರುವಾರ” ಅಂದರು. ಮುಂದಿನ ಗುರುವಾರವೂ ಹಾಗೇ ಅಂದರು. ಪಾಕೀಟಿನ ಆಸೆಗೆ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ನಾಲ್ಕು ಗುರುವಾರ ಹೋದೆ. ನಾಲ್ಕನೆಯ ಗುರುವಾರ ಅವರು ಕಪಾಟು ತೆರೆದು ನನ್ನ ಮೂರೂ ಪಾಕೀಟು ಕೈಗಿಟ್ಟರು. ತೊಳೆದು, ಒಣಗಿಸಿ, ಒಳಗೆ ಹತ್ತಿ ತುಂಬಿ, ಬಾಯಿ ಹೊಲಿದಿದ್ದರು. ಮೂರು ಪುಟ್ಟ ದಿಂಬುಗಳು.

“ತೂಕ ಕಡಿಮಿ ಆಗೇತಿ. ಬ್ಯಾಸರ ಮಾಡ್ಕೋಬ್ಯಾಡ,” ಅಂದರು.

ಅಂದಿನಿಂದ, ಕುಡಿದೆಯಾ ಎಂಬುದಕ್ಕೆ ಅವರು ನನ್ನನ್ನು ಕೇಳುತ್ತಿದ್ದದ್ದು ಒಂದೇ ಪದ. “ಇವತ್ತು?” ನಾನು “ಇಲ್ಲರಿ” ಎನ್ನಬೇಕು. “ಸಾಕು,” ಎನ್ನುತ್ತಿದ್ದರು. ನಿನ್ನೆಯದು ಕೇಳುತ್ತಿರಲಿಲ್ಲ, ನಾಳೆಯದು ಕೇಳುತ್ತಿರಲಿಲ್ಲ. ನಾಳೆಯ ಚಿಂತೆಯನ್ನು ನಾನೊಬ್ಬನೇ ಮಾಡುತ್ತಿದ್ದೆ, ಅದೂ ದಿನವಿಡೀ.

ಶೆಡ್ಡಿನಲ್ಲಿ ಒಂದೇ ಕಟ್ಟುನಿಟ್ಟು ಇತ್ತು. ಇಲ್ಲಿ ಆಡಿದ್ದನ್ನು ಇಲ್ಲಿಯೇ ಹತ್ತಿಯೊಳಗೆ ಬಿಟ್ಟು ಹೋಗಬೇಕು. ಅದನ್ನು ಮುರಿದವನು ನಾನು.

ನಮ್ಮಲ್ಲಿ ಚನ್ನಬಸಪ್ಪ ಎಂಬವರಿದ್ದರು. ಹಿರೇಕೆರೂರಿನ ಹತ್ತಿರದ ಹಂಸಭಾವಿಯವರು, ಒಂದು ಶಾಲೆಯ ವ್ಯಾನು ಓಡಿಸುತ್ತಿದ್ದರು. ಬಿಟ್ಟು ಎಂಟು ತಿಂಗಳಾಗಿತ್ತು. ಮಾತಿಗೊಮ್ಮೆ “ಅಂದ್ರ ಏನಪಾ ಅಂದ್ರ” ಎನ್ನುವುದು, ಎನ್ನುವಾಗ ಸ್ಟೇರಿಂಗ್ ಹಿಡಿದಂತೆ ಎರಡೂ ಕೈ ಮುಂದೆ ಮಾಡುವುದು ಅವರ ರೂಢಿ. ಒಮ್ಮೆ ಹೇಳಿದರು: ಕುಡಿದ ದಿನಗಳಲ್ಲಿ ಮಾಡಿದ್ದಕ್ಕೆಲ್ಲ ಹೆಂಡತಿಯ ಹತ್ತಿರ ತಪ್ಪಾಯಿತು ಅನ್ನಬೇಕೆಂದು ಆಸೆ, ಆದರೆ ಬಾಯಿ ಬರುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಮಕ್ಕಳು ಹತ್ತುವ ಮೊದಲು ಖಾಲಿ ವ್ಯಾನಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ರೂಢಿ ಮಾಡುತ್ತಾರಂತೆ. “ಅಂದ್ರ ಏನಪಾ ಅಂದ್ರ, ಶಾಂತವ್ವಾ... ಅಂದ್ರ...” ಅಲ್ಲಿಂದ ಮುಂದೆ ಎಂಟು ತಿಂಗಳಾದರೂ ಹೋಗಿರಲಿಲ್ಲ.

ನಾನೂ ಆಗ ಬಿಟ್ಟು ಎರಡು ತಿಂಗಳು. ಗೆಳೆಯರು ಚಹಾದಂಗಡಿಯಲ್ಲಿ ನನ್ನನ್ನು ನೋಡಿ, “ಮುತ್ಯಾ, ಸಪ್ಪಗಾಗಿ ಬಿಟ್ಟೆಲ್ಲೋ. ಚಹಾ ಕುಡದ್ರ ದನಿ ಬರೂದಿಲ್ಲೇನು?” ಎಂದು ಕಾಡಿಸಿದರು. ಕುಡಿಯದೆಯೂ ನಗಿಸಬಲ್ಲೆ ಎಂದು ತೋರಿಸಬೇಕಾಗಿತ್ತು. ಎರಡೂ ಕೈ ಮುಂದೆ ಮಾಡಿದೆ. ಕನ್ನಡಿ ಸರಿಮಾಡಿಕೊಂಡೆ. “ಅಂದ್ರ ಏನಪಾ ಅಂದ್ರ, ಅಕೀ ಮುಂದ ಹೆಂಗ ಹೇಳಲಿ, ಎಂಟ ತಿಂಗಳಾತು, ಬಿಟ್ಟೇನಿ, ಖರೇ ಬಿಟ್ಟೇನಿ...” ಅಂಗಡಿಯವನು ಚಹಾ ಸೋಸುವುದನ್ನು ಬಿಟ್ಟು ನಕ್ಕ.

ಮೂಲೆಯಲ್ಲಿ ಒಬ್ಬ ಅಪರಿಚಿತ ಕುಳಿತಿದ್ದ. ಗೋವಿನಜೋಳದ ವ್ಯಾಪಾರಕ್ಕೆ ಹಿರೇಕೆರೂರಿನಿಂದ ಬಂದಿದ್ದ ಗುಮಾಸ್ತ. ತೊಡೆ ತಟ್ಟಿಕೊಂಡು ನಕ್ಕು, “ಏ, ಇಂವ ನಮ್ಮ ವ್ಯಾನಿನ ಚನ್ನಬಸಪ್ಪ ಅಲ್ಲೇನು! ಕುಡೀತಿದ್ನೇನು ಅಂವ? ನಮ್ಮ ಹುಡುಗ್ರು ಅವನ ಗಾಡ್ಯಾಗ ಹೋಗ್ತಾವಲ್ಲೋ!” ಅಂದ.

ನಾನು ಹೆಸರು ಹೇಳಿರಲಿಲ್ಲ. ಹೆಸರು ಹೇಳುವ ಅಗತ್ಯವೇ ಬಾರದಷ್ಟು ಚೆನ್ನಾಗಿ ಮಾಡಿದ್ದೆ.

ಮುಂದಿನ ಗುರುವಾರ ಚನ್ನಬಸಪ್ಪ ಬರಲಿಲ್ಲ. ಶೆಡ್ಡಿನ ಬಾಗಿಲು ಕರ್ರೆಂದಾಗಲೆಲ್ಲ ನನ್ನ ಕತ್ತು ತಿರುಗುತ್ತಿತ್ತು. ಬಸ್ಸು ತಪ್ಪಿರಬೇಕು ಎಂದರು ಯಾರೋ. ಅದರ ಮುಂದಿನ ಗುರುವಾರವೂ ಅವರ ಸುರುಳಿ ಗಾದಿ ಖಾಲಿ ಉಳಿಯಿತು. ನಡುವಿನ ಏಳು ದಿನ ನಾನು ಅನ್ನ ತಿಂದದ್ದು ನೆನಪಿಲ್ಲ. ಅವರು ಎಲ್ಲಿಯೋ ಕುಡಿದು ಬಿದ್ದಿರುವ ಹಾಗೆ, ನನ್ನದೇ ದನಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದ ಹಾಗೆ ಕಾಣುತ್ತಿತ್ತು. ನನಗೂ ಕುಡಿಯಬೇಕೆನ್ನಿಸುತ್ತಿತ್ತು, ಹಿಂದೆಂದಿಗಿಂತ ಹೆಚ್ಚಾಗಿ. ಆ ಎರಡನೆಯ ಗುರುವಾರ ಸವಣೂರಿನ ಬಸ್ಸು ನಿಲ್ದಾಣದ ಬಳಿಯ ಸರಾಯಿ ಅಂಗಡಿಯ ಮುಂದೆ ಎರಡು ಸಲ ನಿಂತು, ಎರಡು ಸಲ ಮುಂದೆ ಹೋಗಿ, ಎಲ್ಲರೂ ಹೋದ ಮೇಲೆ ಶೆಡ್ಡಿಗೆ ವಾಪಸು ಬಂದೆ. ದಾವಲಸಾಬರ ಮುಂದೆ ಎಲ್ಲ ಹೇಳಿದೆ.

ಅವರು ಕೈಯಲ್ಲಿದ್ದ ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. “ಹೆಸರು ಹೇಳಿದ್ದೇನು?”

“ಇಲ್ಲರಿ ಚಾಚಾ. ದೇವರಾಣಿ ಹೇಳಿಲ್ಲ.”

“ಹೇಳಿದ್ರ ಛಲೋ ಇತ್ತಲ್ಲೋ. ಆ ಹೆಸರಿನವರು ಹತ್ತು ಮಂದಿ ಸಿಗ್ತಾರ. ದನಿ ಒಬ್ಬಂದ ಇರ್ತೈತಿ.”

ಅದಕ್ಕಿಂತ ದೊಡ್ಡ ಬೈಗುಳ ನಾನು ಈವರೆಗೆ ತಿಂದಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಟಂಟಂ ತಂದು ನಿಲ್ಲಿಸಿದರು. “ಏರು.”

ಹಂಸಭಾವಿಗೆ ಮೂರು ತಾಸಿನ ಹಾದಿ. ಹಿಂದೆ ಯಂತ್ರ ಗಡಗಡ ಅಲುಗುತ್ತಿತ್ತು, ಮುಂದೆ ನಾನು. ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಒಮ್ಮೆ ಅದು ಅಜ್ಜಿಯ ದನಿಯಲ್ಲಿ ಬರುತ್ತಿತ್ತು, ಒಮ್ಮೆ ಸಿಪಾಯಿಯ ದನಿಯಲ್ಲಿ. ದಾವಲಸಾಬರು ಹಾದಿಯುದ್ದಕ್ಕೂ ಆಡಿದ್ದು ಒಂದೇ ಮಾತು: “ಇವತ್ತು?”

“ಇಲ್ಲರಿ.”

“ಸಾಕು.”

ಬಾಗಿಲಿಗೆ ಬಂದದ್ದು ಶಾಂತವ್ವ. ಗಟ್ಟಿ ಮುಖದ ಹೆಂಗಸು. “ಗಾದಿ ಹಿಂಜಾಕ ಬಂದೇವ್ರಿ ಅವ್ವಾರ,” ಅಂದರು ದಾವಲಸಾಬರು. ಒಳಗಿನಿಂದ ಚನ್ನಬಸಪ್ಪ ಬಂದರು. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತರು. ಗಡ್ಡ ಬಂದಿತ್ತು. ವ್ಯಾನಿನ ಕೀಲಿಕೈಯನ್ನು ಶಾಲೆಯವರು ವಾಪಸು ತೆಗೆದುಕೊಂಡು ಹನ್ನೆರಡು ದಿನವಾಗಿತ್ತು ಎಂದು ಶಾಂತವ್ವನೇ ಹೇಳಿದಳು. “ಯಾವನೋ ನಕಲಿ ಮಾಡೂ ಭಾಡ್ಯಾ ಚಾದಂಗಡ್ಯಾಗ ಆಡ್ಕೊಂಡು ನಕ್ಕಾನಂತ. ಅವನ ನಾಲಿಗಿಗೆ ಹುಳಾ ಬೀಳ್ಲಿ.”

ಆ ನಾಲಿಗೆ ನನ್ನ ಬಾಯಿಯೊಳಗೇ ಇತ್ತು.

ಗಾದಿಯನ್ನು ಅಂಗಳಕ್ಕೆ ತಂದರು. ದಾವಲಸಾಬರು ಹೊಲಿಗೆ ಬಿಚ್ಚಲಿಲ್ಲ. ಸೀದಾ ಮೂಲೆಗೆ ಕೈ ಹಾಕಿದರು. ಏನೂ ಇರಬಾರದು, ಏನೂ ಇರಬಾರದು ಎಂದು ಬೇಡಿಕೊಳ್ಳುತ್ತಿದ್ದೆ. ಕೈ ಹೊರಗೆ ಬಂತು. ಒಂದು ಪಾಕೀಟು. ಶಾಂತವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ದಾವಲಸಾಬರು ಅದನ್ನು ತಿರುಗಿಸಿ ನೋಡಿದರು. ಒಡೆದಿರಲಿಲ್ಲ.

“ಮೂರು ದಿನಾತು ತಂದು,” ಅಂದರು ಚನ್ನಬಸಪ್ಪ. “ಅಂದ್ರ ಏನಪಾ ಅಂದ್ರ, ದಿನಾ ಮುಟ್ಟಿ ನೋಡ್ತೇನಿ.”

ಆಗ ನಾನು, “ಅಣ್ಣಾ, ಆ ಭಾಡ್ಯಾ ನಾನ ರಿ. ತಪ್ಪಾತು” ಅಂದೆ. ಯಾರ ದನಿಯೂ ಆಗಿರಲಿಲ್ಲ ಅದು. ತೆಳ್ಳಗೆ, ಒಡೆದು, ಕೇಳಲು ಅಸಹ್ಯವಾಗಿತ್ತು. ಪ್ರಚಾರಕ್ಕೆ ಕೊಟ್ಟರೆ ಯಾವ ಅಂಗಡಿಯವನೂ ತೆಗೆದುಕೊಳ್ಳುತ್ತಿರಲಿಲ್ಲ.

ಚನ್ನಬಸಪ್ಪ ನನ್ನ ಮುಂದೆ ಬಂದು ನಿಂತರು. “ಭಾಳ ಛಲೋ ಮಾಡ್ತೀಯಂತ. ಮಾಡು ನೋಡೂನು. ನನ್ನ ಮುಂದ ಮಾಡು.”

“ಬ್ಯಾಡ ಅಣ್ಣಾ.”

“ಊರಿಗೆಲ್ಲಾ ಕೇಳಿಸಿದಿ. ನಾನೊಬ್ಬ ಕೇಳಿಲ್ಲ. ಮಾಡೋ!”

ದಾವಲಸಾಬರ ಕಡೆ ನೋಡಿದೆ. ಅವರು ಬಿಡಿಸುವುದಕ್ಕೂ ಬರಲಿಲ್ಲ, ಮಾಡು ಎಂದೂ ಹೇಳಲಿಲ್ಲ. ಕೈ ಮುಂದೆ ಚಾಚಿದೆ. ಇಲ್ಲದ ಕನ್ನಡಿಯನ್ನು ಸರಿಮಾಡಿದೆ. “ಅಂದ್ರ ಏನಪಾ ಅಂದ್ರ, ಶಾಂತವ್ವಾ... ಅಂದ್ರ... ಎಂಟ ತಿಂಗಳಾತು... ಹೆಂಗ ಹೇಳಲಿ... ಶಾಂತವ್ವಾ...”

ಅಂಗಳದಲ್ಲಿ ಯಾರೂ ನಗಲಿಲ್ಲ. ಶಾಂತವ್ವ ಗಂಡನ ಕಡೆ ತಿರುಗಿದಳು.

“ಯಾರ ಮುಂದ ಹೇಳ್ತಿದ್ದಿ ಇದನ್ನ?”

ಚನ್ನಬಸಪ್ಪ ನೆಲ ನೋಡಿದರು. “ಕನ್ನಡಿ ಮುಂದ.”

“ಎಂಟು ತಿಂಗಳು? ನಾ ಮನ್ಯಾಗ ಸತ್ತಿದ್ನೇನು, ಕನ್ನಡೀಗೆ ಹೇಳಾಕ?” ಅಂದಳು. ದಾವಲಸಾಬರ ಕೈಯಿಂದ ಪಾಕೀಟು ಕಿತ್ತುಕೊಂಡು ತಾನೇ ಹಲ್ಲಿನಿಂದ ಹರಿದು ಬಚ್ಚಲಿಗೆ ಸುರಿದಳು. ಖಾಲಿ ಪಾಕೀಟನ್ನು ವಾಪಸು ತಂದು ಅವರ ಕೈಗಿಟ್ಟಾಗ ಅವರು ಅದನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು. ಆಮೇಲೆ ನಿಜವಾಗಿಯೂ ಗಾದಿ ಬಿಚ್ಚಿ ಹಿಂಜಿದರು. ಸಂಜೆಯವರೆಗೆ ಹತ್ತಿಯ ಗಂಟು ಬಿಡಿಸುವ ಕೆಲಸ ನನಗೆ ಹಚ್ಚಿದರು. ನಮ್ಮಿಬ್ಬರಿಗೂ ಶಾಂತವ್ವ ರೊಟ್ಟಿ ಹಾಕಿದಳು. ನನಗೆ ಹಾಕುವಾಗ ಮುಖ ನೋಡಲಿಲ್ಲ.

ವ್ಯಾನಿನ ಕೆಲಸ ಚನ್ನಬಸಪ್ಪನವರಿಗೆ ಮರಳಿ ಸಿಗಲಿಲ್ಲ. ಅದು ನನ್ನ ಮೇಲೆಯೇ ಇದೆ, ಇರಬೇಕು. ಅವರು ಗುರುವಾರಕ್ಕೆ ಮರಳಿ ಬಂದರು. ದಾವಲಸಾಬರ ಎದೆ ಹದಗೆಟ್ಟ ಮೇಲೆ ಆ ಟಂಟಂ ಓಡಿಸುವವರೂ ಅವರೇ ಆದರು.

ಎದೆಯೊಳಗೆ ಐವತ್ತು ವರ್ಷದ ಹತ್ತಿ ಕೂತಿದೆ ಎಂದರಂತೆ ಡಾಕ್ಟರು. ಕೊನೆಯ ಸಲ ನೋಡಲು ಹೋದಾಗ ಅವರು ಕಿಟಕಿಯ ಪಕ್ಕ ಒಂದು ತೆಳುವಾದ ಗಾದಿಯ ಮೇಲೆ ಮಲಗಿದ್ದರು. ಹುಬ್ಬಿನಲ್ಲಿ ಹತ್ತಿ ಇರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಅವರ ಹೆಬ್ಬೆರಳು ಏಳಲು ನೋಡಿತು, ಏಳಲಿಲ್ಲ. ನಾನೇ ನನ್ನ ಹೆಬ್ಬೆರಳಿನಿಂದ ಅವರ ಭುಜ ಒತ್ತಿದೆ.

“ಗಂಟು ಐತೇನು?” ಅಂದರು.

“ಇಲ್ಲ ಚಾಚಾ.”

“ಇವತ್ತು?”

“ಇಲ್ಲರಿ.”

“ಸಾಕು” ಎನ್ನಲು ಉಸಿರು ಸಾಲಲಿಲ್ಲ. ತಲೆ ಆಡಿಸಿದರು.

ಅವರು ಹೋಗಿ ಏಳು ತಿಂಗಳಾಯಿತು. ಮೀಟಿಂಗು ನಿಂತಿಲ್ಲ, ಶೆಡ್ಡಿನ ಕೀಲಿ ಅವರ ಮಗ ನಮಗೇ ಬಿಟ್ಟಿದ್ದಾನೆ. ಕಪಾಟಿನಲ್ಲಿ ಹತ್ತಿ ತುಂಬಿದ ಪಾಕೀಟುಗಳು ಇನ್ನೂ ಒಂದು ಸಾಲು ಇವೆ, ಒಡೆಯರು ಬಾರದವು. ನನಗೀಗ ಗುರುವಾರದ ಬಸ್ಸಿಗಿಂತ, ಕುಡಿಯುವ ಆಸೆ ಹೆಚ್ಚು ಕಾಡುವ ಬುಧವಾರ ಸಂಜೆಯದೇ ಚಿಂತೆ. ನನ್ನನ್ನು “ಇವತ್ತು?” ಎಂದು ಕೇಳುವವರಿಲ್ಲ. ನಾನೇ ಕೇಳಿಕೊಳ್ಳುತ್ತೇನೆ, ಅವರ ದನಿಯಲ್ಲಿ. ಹೊರಗೆ ಬೇರೆಲ್ಲಿಯೂ ಆ ದನಿ ತೆಗೆಯುವುದಿಲ್ಲ ಎಂದು ಅವರನ್ನು ಮಣ್ಣು ಮಾಡಿದ ದಿನವೇ ನಿಶ್ಚಯಿಸಿದ್ದೆ.

ಹೋದ ಗುರುವಾರ ಬಾಗಿಲು ಕರ್ರೆಂದಿತು. ಹಾನಗಲ್ಲಿನ ಕಡೆಯವನು, ನಲವತ್ತರ ಆಸುಪಾಸು. ಒಳಗೆ ಬರಲೋ ಓಡಲೋ ಎಂದು ಹೊಸ್ತಿಲ ಮೇಲೆ ನಿಂತಿದ್ದ. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದ, ಅಂಚು ಹಳದಿಯಾಗಿತ್ತು. ಬೀಗರು ಬಂದರೆಂದು ಅಟ್ಟದ ಮೇಲಿನ ಗಾದಿ ಇಳಿಸಿದಾಗ ಸಿಕ್ಕಿತಂತೆ.

“ನನ್ನ ಸಾಮಾನು ಇಲ್ಲಿ ಐತಂತಲ್ರಿ,” ಅಂದ. “ದಾವಲಸಾಬ್ರು ಅಂದ್ರ ಯಾರ್ರಿ?”

ಮಲ್ಲಣ್ಣನ ಕಣ್ಣಿಗೆ ಹತ್ತಿ ಹೋಯಿತು. ಚನ್ನಬಸಪ್ಪ ನನ್ನ ಕಡೆ ತಿರುಗಿ, “ತೋರಸೋ” ಅಂದರು.

ನಾನು ಎದ್ದು ಹೊಸ್ತಿಲಿಗೆ ಹೋದೆ. ಅವನ ಭುಜವನ್ನು ಹೆಬ್ಬೆರಳಿನಿಂದ ಒತ್ತಿದೆ. ಕೆಮ್ಮು ಈ ಸಲ ಒಳಗಿನಿಂದಲೇ ಬಂತು. “ಇವತ್ತು?”

“ಕುಡದೇನ್ರಿ,” ಅಂದ ಅವನು. “ಬಸ್ ಹತ್ತೂಕಿಂತ ಮೊದ್ಲ.”

“ಇರ್ಲಿ. ಸಾಮಾನು ಐತಿ, ಕೊಡ್ತೇನಿ. ಮೀಟಿಂಗ ಮುಗೀಲಿ. ಏನಂತೀ ತಮ್ಮಾ?”

ಅವನು ನಗಲಿಲ್ಲ. ಅಸಲು ಆಸಾಮಿಯನ್ನು ಕಂಡವನಲ್ಲವಲ್ಲ. ಚಪ್ಪಲಿ ಬಿಟ್ಟು, ಒಳಗೆ ಬಂದು, ಖಾಲಿ ಇದ್ದ ಸುರುಳಿ ಗಾದಿಯ ತುದಿಯಲ್ಲಿ ಕುಳಿತ.